ದಬ್ಬಳದಕ್ಕನ ಅಂಗಾಲು ಮತ್ತು ಹತ್ತೊಂಬತ್ತನೇ ಸುರುಳಿ

ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ಹಾಸುವ ಕೃತಕ ಹುಲ್ಲು ಅಗ್ಗದ ಮಾಲಲ್ಲ. ಒಂದು ಚದರ ಅಡಿಗೆ ಕೊಡುವ ಹಣದಲ್ಲಿ ನಾಲ್ಕು ಜನರ ಸಂಸಾರ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು. ಮೈದಾನಕ್ಕೆ ಅಂಥ ಎಂಬತ್ತಾರು ಸಾವಿರ ಅಡಿ ಬೇಕು. ಅದರ ಮೇಲೆ ನೂರಿಪ್ಪತ್ತು ಟನ್ ಮರಳು, ಅರವತ್ತು ಟನ್ ರಬ್ಬರ್ ಕಾಳು. ಅಂಟಿನ ಡಬ್ಬಗಳ ಖರ್ಚು ಬೇರೆ, ಹಳೆಯ ಹಾಸನ್ನು ಕಿತ್ತು ಸಾಗಿಸುವ ಲಾರಿ ಬಾಡಿಗೆ ಬೇರೆ. ಇಷ್ಟೆಲ್ಲ ಸುರಿದು ಮಾಡಿದ್ದನ್ನು ಕೆಡಿಸಲು ಒಂದು ಬೆರಳು ತೂರುವಷ್ಟು ಬಿಚ್ಚಿದ ಹೊಲಿಗೆ ಸಾಕು. ಆ ಬೆರಳಗಲವನ್ನು ಕಾಯುವ ಹೆಂಗಸಿನ ತಿಂಗಳ ಸಂಬಳಕ್ಕೆ ಎರಡು ಮಂಚದಗಲ ಹಾಸು ಬರುತ್ತದೆ, ಅಷ್ಟೇ.

ಕಾಲೇಜಿನ ಮಕ್ಕಳು ಆಕೆಯನ್ನು ದಬ್ಬಳದಕ್ಕ ಎನ್ನುತ್ತಾರೆ. ಗೋಣಿಚೀಲ ಹೊಲಿಯುವ ದಪ್ಪ ಸೂಜಿ, ಅಂದರೆ ದಬ್ಬಳ, ಸದಾ ಆಕೆಯ ಕುಪ್ಪಸದ ತೋಳಿಗೆ ಚುಚ್ಚಿಕೊಂಡಿರುತ್ತದೆ. ಐವತ್ನಾಲ್ಕು ವರ್ಷ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ‘ಮೈದಾನ ಸ್ವಚ್ಛತೆ’ ಎಂದಿದೆ. ಆಕೆ ನಿಜವಾಗಿ ಮಾಡುವ ಕೆಲಸಕ್ಕೆ ಆ ಪುಸ್ತಕದಲ್ಲಿ ಹೆಸರೇ ಇಲ್ಲ.

ಬೆಳಗಿನ ಐದೂಕಾಲು. ಗೇಟಿನ ಪಕ್ಕ ಚಪ್ಪಲಿ ಬಿಟ್ಟು ದಬ್ಬಳದಕ್ಕ ಮೈದಾನಕ್ಕೆ ಇಳಿಯುತ್ತಾರೆ. ಹದಿಮೂರು ವರ್ಷ ತುಳಿಸಿಕೊಂಡ ಹಳೆಯ ಹಾಸು ಹೋದ ವಾರ ಲಾರಿ ಹತ್ತಿದೆ. ಹೊಸದು ನಿನ್ನೆ ಸಂಜೆಗೆ ಪೂರ್ತಿ ಹಾಸಿಯಾಗಿದೆ. ಇಪ್ಪತ್ತೆಂಟು ಸುರುಳಿಗಳು, ಒಂದೊಂದೂ ನಾಲ್ಕು ಮೀಟರ್ ಅಗಲ, ಎಪ್ಪತ್ತೆರಡು ಮೀಟರ್ ಉದ್ದ. ಒಂದರ ಅಂಚಿಗೆ ಇನ್ನೊಂದರ ಅಂಚು ತಾಗಿಸಿ, ಅಡಿಯಲ್ಲಿ ಪಟ್ಟಿ ಇಟ್ಟು ಅಂಟು ಹಾಕಿದ್ದಾರೆ. ಹೀಗೆ ಕೂಡಿದ ಕಡೆಯನ್ನೇ ಆಕೆ ‘ಹೊಲಿಗೆ’ ಎನ್ನುವುದು. ಅಂಥವು ಇಪ್ಪತ್ತೇಳು. ಒಂದನ್ನೂ ಬಿಡದೆ ಈ ತುದಿಯಿಂದ ಆ ತುದಿಗೆ ನಡೆದರೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಎಂಟು ವರ್ಷಗಳಿಂದ ಆಕೆ ದಿನವೂ ಬೆಳಿಗ್ಗೆ ಇಷ್ಟು ದೂರ ಬರಿಗಾಲಲ್ಲಿ ನಡೆಯುತ್ತಾರೆ. ಕಣ್ಣಿಗೆ ಕಾಣುವ ಮೊದಲೇ ಬಿಚ್ಚಿದ ಹೊಲಿಗೆ ಅಂಗಾಲಿಗೆ ಸಿಗುತ್ತದಂತೆ. ಸಿಕ್ಕಲ್ಲೇ ಕೂತು ದಬ್ಬಳ ತೆಗೆಯುತ್ತಾರೆ.

ವರ್ಷಕ್ಕೆ ಮುನ್ನೂರು ದಿನ ಹಿಡಿದರೂ ಎಂಟು ವರ್ಷಕ್ಕೆ ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರ್ ಆಯಿತು. ಆಕೆಯ ಬಗ್ಗೆ ಬರೆಯಲು ಬಂದ ನಾವು ಈ ಲೆಕ್ಕ ಹೇಳಿದಾಗ ಆಕೆ ನಗುತ್ತಾರೆ. “ಅಯ್ಯೋ, ಅಷ್ಟು ನಡೆದಿದ್ರೆ ಸಮುದ್ರ ನೋಡ್ಕೊಂಡು ಬರಬಹುದಿತ್ತಲ್ಲ! ನಾನಿನ್ನೂ ಬಸ್‌ಸ್ಟಾಂಡೇ ದಾಟಿಲ್ಲ.”

ಇವತ್ತಿನ ನಡಿಗೆಗೆ ಅವಸರವಿದೆ. ಒಂಬತ್ತಕ್ಕೆ ಮರಳಿನ ಲಾರಿ ಬರುತ್ತದೆ. ಮರಳು ಬಿದ್ದ ಮೇಲೆ ಹಾಸನ್ನು ಎತ್ತುವ ಮಾತಿಲ್ಲ. ಏನೇ ತಪ್ಪಿದ್ದರೂ ಮುಂದಿನ ಹತ್ತು ವರ್ಷ ಅದರ ಜೊತೆಗೇ ಬಾಳಬೇಕು.

ಹದಿನೆಂಟು ಸುರುಳಿ ದಾಟಿ ಹತ್ತೊಂಬತ್ತಕ್ಕೆ ಕಾಲಿಟ್ಟವರು ನಿಲ್ಲುತ್ತಾರೆ. ಒಂದು ಹೆಜ್ಜೆ ಹಿಂದೆ, ಒಂದು ಮುಂದೆ. ಮತ್ತೆ ಹಿಂದೆ. ಮಂಡಿಯೂರಿ ಅಂಗೈಯಿಂದ ಸವರುತ್ತಾರೆ.

“ನೋಡಿ, ಕೈ ಇಡಿ. ಆ ಪಕ್ಕದ್ದು ಬೆಕ್ಕಿನ ಬೆನ್ನನ್ನ ತಲೆಯಿಂದ ಬಾಲಕ್ಕೆ ಸವರಿದ ಹಾಗೆ. ಇದು ಬಾಲದಿಂದ ತಲೆಗೆ. ಇದನ್ನ ಉಲ್ಟಾ ಹಾಸಿದಾರೆ.”

ಹಾಸಿನ ಎಳೆಗಳು ನೆಟ್ಟಗೆ ನಿಲ್ಲುವುದಿಲ್ಲ, ಒಂದು ಕಡೆಗೆ ವಾಲಿರುತ್ತವೆ. ಎಲ್ಲ ಸುರುಳಿಗಳೂ ಒಂದೇ ಕಡೆಗೆ ವಾಲಬೇಕು. ಸೂರ್ಯ ನೆತ್ತಿಗೆ ಬಂದಾಗ ವ್ಯತ್ಯಾಸ ಗೊತ್ತಾಗದು. ಆರು ಗಂಟೆಯ ಓರೆ ಬಿಸಿಲು ಬಿದ್ದಾಗ ಆಕೆ ಹೇಳಿದ್ದು ನಿಜವೆಂದು ಕಾಣಿಸುತ್ತದೆ: ತಿಳಿಹಸಿರು ಮೈದಾನದ ನಡುವೆ ಒಂದೇ ಒಂದು ಪಟ್ಟೆ ಕಡುಹಸಿರು. ಊಟದ ಬಿಡುವು ಮುಗಿಸಿ ಬಂದ ಹಾಸುವ ತಂಡದವರು, ಸುರುಳಿ ಹೊತ್ತ ಯಂತ್ರವನ್ನು ಮತ್ತೆ ಆ ತುದಿಗೆ ಎಳೆದೊಯ್ಯುವ ಬದಲು ಈ ತುದಿಯಿಂದಲೇ ಬಿಚ್ಚಿಬಿಟ್ಟಿದ್ದಾರೆ. ಹತ್ತು ನಿಮಿಷ ಉಳಿಸಲು ಹೋಗಿ ಆದ ತಪ್ಪು.

ಆರೂವರೆಗೆ ಹಾಸುವ ತಂಡದ ಮೇಸ್ತ್ರಿ ಹಲ್ಲುಜ್ಜುತ್ತಲೇ ಬರುತ್ತಾನೆ. ನೋಡುತ್ತಾನೆ, ಉಗುಳುತ್ತಾನೆ.

“ದಬ್ಬಳದಕ್ಕ, ನೀವು ಹೊಲಿಯೋರು. ಹಾಸೋರು ನಾವು.”

“ಹೌದಪ್ಪ. ನೀನು ಹಾಸಿ ಮುಂದಿನ ಊರಿಗೆ ಹೋಗ್ತೀಯ. ಇದರ ಜೊತೆ ಸಂಸಾರ ಮಾಡೋಳು ನಾನು.”

“ಆಡೋ ಮಕ್ಕಳಿಗೆ ಚೆಂಡು ಕಾಣುತ್ತೆ, ಗೋಲು ಕಾಣುತ್ತೆ. ಹುಲ್ಲಿನ ಬಣ್ಣ ಯಾರಿಗಮ್ಮ ಬೇಕು?”

“ಹಂಗಾದ್ರೆ ನಿನ್ನ ಅಂಗಿಗೆ ಒಂದು ತೋಳು ಒಳಗಿಂದ ಹೊರಗೆ ಹೊಲಿದು ಕೊಡ್ತೀನಿ, ಹಾಕ್ಕೊಂಡು ಓಡಾಡು.”

ಮೇಸ್ತ್ರಿಗೆ ನಗು ಬರುತ್ತದೆ, ಆದರೆ ಜಗ್ಗುವುದಿಲ್ಲ. ಅವನ ಕಷ್ಟವೂ ಸುಳ್ಳಲ್ಲ. ಶನಿವಾರ ಪಂದ್ಯ. ಕೈಯಲ್ಲಿ ಹೆಚ್ಚುವರಿ ಇರುವುದು ಒಂದೇ ದಿನ, ಅದೂ ಮಳೆ ಬಂದರೆ ಇರಲಿ ಎಂದು ಇಟ್ಟುಕೊಂಡದ್ದು. ಸುರುಳಿಯ ತೂಕ ಏಳುನೂರು ಕಿಲೋ ದಾಟುತ್ತದೆ, ಅವನ ತಂಡದಲ್ಲಿರುವುದು ಒಂಬತ್ತೇ ಜನ. ಬಿಚ್ಚಿದ ಹಾಸನ್ನು ಯಂತ್ರಕ್ಕೆ ಸುತ್ತಿ ತಿರುಗಿಸಲು ಇಡೀ ದಿನ ಬೇಕು. “ಕಾಲೇಜಿನವರು ಬರೆದುಕೊಟ್ರೆ ಎತ್ತುತ್ತೀನಿ,” ಎಂದು ಹೇಳಿ ಮುಖ ತೊಳೆಯಲು ಹೋಗುತ್ತಾನೆ.

ಇಂಥ ಹಟ ಆಕೆಗೆ ಎಲ್ಲಿಂದ ಬಂತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ದಬ್ಬಳದಕ್ಕ ಮೊದಲು ಮಾಡುತ್ತಿದ್ದದ್ದು ಟಾರ್ಪಾಲಿನ ಕೆಲಸ. ಗಂಡನಿಗೆ ಲಾರಿಗಳಿಗೆ ಟಾರ್ಪಾಲು ಹೊಲಿದುಕೊಡುವ ಸಣ್ಣ ಅಂಗಡಿಯಿತ್ತು. ಅವರ ಕೈ ನಡುಗಲು ಶುರುವಾದ ಮೇಲೆ ದಬ್ಬಳ ಇವರ ಕೈಗೆ ಬಂತು. ಹದಿಮೂರು ವರ್ಷದ ಹಿಂದೆ ಕಾಲೇಜಿಗೆ ಮೊದಲ ಸಲ ಕೃತಕ ಹುಲ್ಲು ಬಂದಾಗ ಅಂಚು ಹೊಲಿಯಲು ದಿನಗೂಲಿಗೆ ಕರೆದರು. ಹಾಗೆ ಬಂದವರು ಇಲ್ಲೇ ಉಳಿದರು. ಎಂಟು ವರ್ಷಕ್ಕೆ ಬದಲಾಗಬೇಕಿದ್ದ ಹಾಸು ಹದಿಮೂರು ವರ್ಷ ಬಾಳಿದ್ದು ಇವರ ದಾರದಿಂದ ಎಂದು ಕಾಲೇಜಿನ ಗುಮಾಸ್ತರು ಒಪ್ಪುತ್ತಾರೆ. “ಆ ಐದು ವರ್ಷದಲ್ಲಿ ಉಳಿದ ದುಡ್ಡಲ್ಲೇ ಹೊಸದರ ಅರ್ಧ ಬಂತು,” ಎನ್ನುತ್ತಾರೆ ಅವರು.

ಏಳಕ್ಕೆ ಗಂಡ ಚಹಾದ ಫ್ಲಾಸ್ಕು ಹಿಡಿದು ಬರುತ್ತಾರೆ. ಇದು ದಿನದ ಪದ್ಧತಿ. ನಡುಗುವ ಕೈಯಿಂದ ಚೆಲ್ಲಬಾರದೆಂದು ಅರ್ಧ ಲೋಟವಷ್ಟೇ ಬಗ್ಗಿಸುತ್ತಾರೆ, ಎರಡು ಸಲ. “ಮದುವೆಯಾಗಿ ಮೂವತ್ತು ವರ್ಷ ಆಯ್ತು. ನನ್ನ ಬೆನ್ನು ಒಂದು ದಿನ ಹಿಂಗೆ ಸವರಲಿಲ್ಲ ಇವಳು,” ಎಂದು ಮೈದಾನ ತೋರಿಸುತ್ತಾರೆ.

“ನಿಮ್ಮ ಬೆನ್ನ ಮೇಲೆ ಯಾರು ಓಡ್ತಾರೆ ರೀ?” ಎನ್ನುತ್ತಾರೆ ಈಕೆ. ಆದರೆ ಈ ಹೊತ್ತು ಅವರ ಗಮನ ಚಹಾದ ಮೇಲಿಲ್ಲ. ಗೇಟಿನಲ್ಲಿ ಆಟದ ಮೇಡಂ ಕಾಣಿಸಿದ್ದಾರೆ.

ಆಟದ ಮೇಡಂ ಎಂದರೆ ಕಾಲೇಜಿನ ದೈಹಿಕ ಶಿಕ್ಷಣದ ಅಧ್ಯಾಪಕಿ. ಇಪ್ಪತ್ತೇಳು ವರ್ಷ. ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ, ಇದೇ ಮೈದಾನದ ಅತಿ ವೇಗದ ಆಟಗಾರ್ತಿಯಾಗಿದ್ದವರು. ಎಂಟು ವರ್ಷದ ಹಿಂದೆ ಒಂದು ಸಂಜೆ ಓಡುತ್ತ ಬಿದ್ದು ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಎರಡು ಶಸ್ತ್ರಚಿಕಿತ್ಸೆ ಆದವು. ಆಡುವುದು ನಿಂತಿತು, ಆಡಿಸುವುದು ಶುರುವಾಯಿತು.

ಮೇಡಂ ಪಟ್ಟೆಯನ್ನು ನೋಡುತ್ತಾರೆ, ಗಡಿಯಾರ ನೋಡುತ್ತಾರೆ. “ಅಕ್ಕ, ಇದು ನೋಡೋಕೆ ಚೆನ್ನಾಗಿಲ್ಲ, ಸರಿ. ಆದರೆ ಒಂದಿಡೀ ದಿನ ಕಳ್ಕೊಬೇಕು ಅಂದ್ರೆ ಪ್ರಿನ್ಸಿಪಾಲರಿಗೆ ಕಾರಣ ಹೇಳಬೇಕಲ್ಲ. ಏನು ಹೇಳಲಿ?”

ದಬ್ಬಳದಕ್ಕ ಲೋಟ ಕೆಳಗಿಡುತ್ತಾರೆ. “ಕಾರಣ ನಿಮ್ಮ ಮೊಣಕಾಲಲ್ಲೇ ಇದೆ ಮೇಡಂ.”

ಆಮೇಲೆ ಹೇಳಿದ್ದು ಇಷ್ಟು. ಹಳೆಯ ಹಾಸಿನಲ್ಲೂ ಒಂದು ಸುರುಳಿ ಉಲ್ಟಾ ಇತ್ತು, ಒಂಬತ್ತನೆಯದು. ಹಾಸಿದ ದಿನವೇ ಆಕೆಗೆ ಗೊತ್ತಾಗಿತ್ತು. “ನಾನು ಕೆಲಸಕ್ಕೆ ಸೇರಿ ಮೂರನೇ ದಿನ. ಬಾಯಿ ಬಿಟ್ರೆ ನಾಳೆಯಿಂದ ಬರಬೇಡ ಅಂತಾರೆ ಅಂತ ಸುಮ್ಮನಾದೆ. ದೊಡ್ಡೋರಿಗೆ ಗೊತ್ತಿಲ್ದೆ ಇರುತ್ತಾ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ.” ಮೈದಾನ ಬಾಚುವ ಗಾಡಿ ವಾರಕ್ಕೊಮ್ಮೆ ಓಡುವಾಗ ಎಲ್ಲ ಸುರುಳಿಗಳ ಎಳೆಯೂ ಜೊತೆಗೆ ಬಾಗುತ್ತಿತ್ತು. ಒಂಬತ್ತನೆಯದು ಮಾತ್ರ ಎದುರು ನಿಲ್ಲುತ್ತಿತ್ತು. ಎಳೆದೂ ಎಳೆದೂ ಅದರ ಅಂಚು ಮೇಲೆದ್ದಿತು. “ನೀವು ಬಿದ್ದಿದ್ದು ಆ ಹೊಲಿಗೆ ಮೇಲೇ. ಆಗ ನನ್ನ ಕರೆದಾಗ ಮಾತ್ರ ಬಂದು ಹೊಲೀತಿದ್ದೆ. ನೀವು ಬಿದ್ದ ಮಾರನೇ ದಿನದಿಂದ ಚಪ್ಪಲಿ ಬಿಟ್ಟು ನಡೆಯೋಕೆ ಶುರು ಮಾಡ್ದೆ.”

ಗಂಡ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದಾರೆ, ಅದು ಆಗಲೇ ಮುಚ್ಚಿದೆ. ಅವರಿಗೂ ಇದು ಹೊಸ ಸುದ್ದಿ.

“ಎಂಟು ವರ್ಷದಿಂದ ದಿನಾ ನನಗೆ ನಮಸ್ಕಾರ ಹೇಳ್ತಿದ್ರಲ್ಲ ಅಕ್ಕ,” ಎನ್ನುತ್ತಾರೆ ಮೇಡಂ. “ಪ್ರತಿ ಸಲ ಇದೇ ನೆನಪಾಗ್ತಿತ್ತಾ?”

“ಪ್ರತಿ ಸಲ ಇಲ್ಲ. ನೀವು ಮೆಟ್ಟಿಲು ಇಳಿಯೋವಾಗ.”

ಮೇಡಂ ತಿರುಗಿ ಹೊರಟುಬಿಡುತ್ತಾರೆ. ಸಿಟ್ಟು ಬಂದಿತ್ತು ಎಂದು ಆಮೇಲೆ ಅವರೇ ಹೇಳಿದರು. ದಬ್ಬಳದಕ್ಕ ಹತ್ತೊಂಬತ್ತನೇ ಸುರುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. “ಹೋಗಲಿ ಬಿಡಿ,” ಎನ್ನುತ್ತಾರೆ ಗಂಡನಿಗೆ. “ಕೆಲಸ ಹೋದ್ರೆ ಹೋಗುತ್ತೆ. ಇನ್ನೊಂದು ಸಲ ಬಾಯಿ ಮುಚ್ಚಿಕೊಂಡಿರೋಕೆ ನನ್ನ ಕೈಲಾಗಲ್ಲ.”

ಎಂಟೂಕಾಲಿಗೆ ಮೇಡಂ ಹಿಂತಿರುಗುತ್ತಾರೆ, ಒಬ್ಬರೇ ಅಲ್ಲ. ಹಿಂದೆ ನಲವತ್ತು ವಿದ್ಯಾರ್ಥಿಗಳಿದ್ದಾರೆ, ಫುಟ್‌ಬಾಲ್ ತಂಡದ ಹುಡುಗಿಯರು, ಹುಡುಗರು, ಕೆಲವರು ಇನ್ನೂ ಆಕಳಿಸುತ್ತಿದ್ದಾರೆ. ಒಂದು ಕೈಯಲ್ಲಿ ಪ್ರಿನ್ಸಿಪಾಲರ ಸಹಿಯ ಕಾಗದ, ಇನ್ನೊಂದರಲ್ಲಿ ಒಂದು ದಪ್ಪ ಪುಸ್ತಕ. ಆಟದಲ್ಲಿ ಯಾರಿಗೆ ಎಲ್ಲಿ ಏಟಾಯಿತು ಎಂದು ಬರೆದಿಡುವ ಪುಸ್ತಕ ಅದು.

“ನೋಡಿ ಅಕ್ಕ. ನಾನು ಬಿದ್ದ ದಿನದಿಂದ ನಿನ್ನೆವರೆಗೂ ಓದ್ದೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದೋರಿದ್ದಾರೆ, ಗೋಲು ಕಂಬಕ್ಕೆ ಹಣೆ ಕೊಟ್ಟ ಜಾಣರಿದ್ದಾರೆ. ಹೊಲಿಗೆಗೆ ಕಾಲು ಸಿಕ್ಕಿ ಬಿದ್ದೋರು ಒಬ್ಬರೂ ಇಲ್ಲ. ಎಂಟು ವರ್ಷದಲ್ಲಿ ಒಬ್ಬರೂ ಇಲ್ಲ.” ಪುಸ್ತಕ ಮುಚ್ಚಿ ಆಕೆಯ ಮುಂದೆ ಹಿಡಿಯುತ್ತಾರೆ. “ನನ್ನ ಕಾಲು ಹೋಗಿದ್ದಕ್ಕೆ ನಿಮಗೆ ಥ್ಯಾಂಕ್ಸ್ ಹೇಳೋಕಾಗಲ್ಲ. ಇವರೆಲ್ಲರ ಕಾಲು ಉಳಿದಿದ್ದಕ್ಕೆ ಹೇಳಲೇಬೇಕು.”

ದಬ್ಬಳದಕ್ಕನಿಗೆ ಓದು ಬಾರದು. ಆದರೂ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಹಾಳೆ ತಿರುವಿ ನೋಡಿ, ಸೆರಗಿನ ತುದಿಯಿಂದ ರಟ್ಟು ಒರೆಸಿ ವಾಪಸ್ಸು ಕೊಡುತ್ತಾರೆ.

ಕಾಗದ ಕಂಡ ಮೇಲೆ ಮೇಸ್ತ್ರಿಯ ರಾಗ ಬದಲಾಗುತ್ತದೆ. ಹೆಗಲು ಇಷ್ಟಿದ್ದರೆ ಯಂತ್ರವೇ ಬೇಡ ಎನ್ನುತ್ತಾನೆ. ಅಂಟಿನ ಪಟ್ಟಿ ಕೀಳುವ ಕೆಲಸಕ್ಕೆ ಮೊದಲು ಕೈ ಹಾಕುವವನೂ ಅವನೇ. ನಿನ್ನೆಯಷ್ಟೇ ಹಾಕಿದ ಅಂಟು ಇನ್ನೂ ಪೂರ್ತಿ ಬಿಗಿದಿಲ್ಲ, ಬಾಳೆ ಸಿಪ್ಪೆಯಂತೆ ಸುಲಿಯುತ್ತದೆ. ಅವನ ಒಂಬತ್ತು ಜನ, ನಲವತ್ತು ವಿದ್ಯಾರ್ಥಿಗಳು ಸುರುಳಿಯ ಎರಡೂ ಬದಿಗೆ ಸಾಲಾಗಿ ನಿಲ್ಲುತ್ತಾರೆ. “ಎತ್ತಿ!” ಎಂದು ಮೇಸ್ತ್ರಿ ಕೂಗಿದಾಗ ಎಪ್ಪತ್ತೆರಡು ಮೀಟರ್ ಉದ್ದದ ಹಸಿರು ಹಾಸು ನೆಲ ಬಿಡುತ್ತದೆ. ನಡುವಿನವರು ನಿಂತಲ್ಲೇ ಸುತ್ತುತ್ತಾರೆ, ತುದಿಯವರು ಓಡುತ್ತಾರೆ. ಗಡಿಯಾರದ ಮುಳ್ಳಿನಂತೆ ಅದು ಮೈದಾನದ ಮೇಲೆ ಅರ್ಧ ಸುತ್ತು ಹೊಡೆಯುತ್ತದೆ. “ಕಾಲು ಎತ್ತಿಡ್ರೋ, ಪಕ್ಕದ ಹಾಸಿನ ಅಂಚು ಎಬ್ಬಿಸಬೇಡಿ!” ಎನ್ನುತ್ತ ದಬ್ಬಳದಕ್ಕ ಈ ತುದಿಯಿಂದ ಆ ತುದಿಗೆ ಓಡಾಡುತ್ತಾರೆ. ಗಂಡನೂ ಒಂದು ಅಂಚು ಹಿಡಿದಿದ್ದಾರೆ. ಭಾರ ಕೈಗೆ ಬಿದ್ದಾಗ ಅವರ ಕೈ ನಡುಗುವುದಿಲ್ಲ.

ಒಂಬತ್ತಕ್ಕೆ ಬಂದ ಮರಳಿನ ಲಾರಿ ಮಧ್ಯಾಹ್ನ ಎರಡರವರೆಗೆ ಗೇಟಿನ ಹೊರಗೆ ನಿಲ್ಲುತ್ತದೆ. ಹೊಸ ಪಟ್ಟಿ, ಹೊಸ ಅಂಟು. ಕೊನೆಗೆ ದಬ್ಬಳದಕ್ಕ ಚಪ್ಪಲಿ ಬಿಟ್ಟು ಹದಿನೆಂಟರಿಂದ ಇಪ್ಪತ್ತಕ್ಕೆ ನಡೆಯುತ್ತಾರೆ. ಸುಡುವ ಹಾಸಿನ ಮೇಲೆ ಬೇಗ ಬೇಗ ಹೆಜ್ಜೆಯಿಟ್ಟು, ಲಾರಿಯವನಿಗೆ ಬಾ ಎಂದು ಕೈ ಬೀಸುತ್ತಾರೆ.

ಏನಾದರೂ ಬೇಕೆಂದರೆ ಕೇಳಿ, ಬರೆಯುತ್ತೇವೆ ಎಂದು ನಾವು ಹೇಳಿದಾಗ ಆಕೆ ಯೋಚಿಸಿ ಕೇಳಿದ್ದು ಒಂದು ನಲ್ಲಿ. “ಗೇಟಿನ ಪಕ್ಕ ಹಾಕಿಸಿದ್ರೆ ಸಾಕು, ಕಾಲು ತೊಳ್ಕೊಳೋಕೆ. ಈ ರಬ್ಬರ್ ಕಾಳು ಅಂಗಾಲಿಗೆ ಅಂಟ್ಕೊಂಡು ಮನೆ ತುಂಬ ಆಗಿದೆ. ಇವರ ದಿಂಬಲ್ಲೂ ಇದೆ.”

“ಚಹಾದಲ್ಲೂ,” ಎನ್ನುತ್ತಾರೆ ಗಂಡ.

ಅಂದು ಹೋದದ್ದು ಅರ್ಧ ದಿನ, ಎರಡು ಡಬ್ಬ ಅಂಟು, ನಲವತ್ತು ಮಕ್ಕಳ ಮೂರು ಪಾಠ. ಮೇಡಂ ಅವರ ಮೊಣಕಾಲು ಮರಳಿ ಬರಲಿಲ್ಲ, ಬರುವುದೂ ಇಲ್ಲ. ದಬ್ಬಳದಕ್ಕನ ಕೆಲಸ ಮಾತ್ರ ಹೋಗಲಿಲ್ಲ. ಶನಿವಾರದ ಪಂದ್ಯ ಸಮಯಕ್ಕೆ ನಡೆಯಿತು, ಹೊಲಿಗೆಗೆ ಸಿಕ್ಕಿ ಯಾರೂ ಬೀಳಲಿಲ್ಲ. ಇಪ್ಪತ್ತೆಂಟು ಸುರುಳಿಗಳೂ ಈಗ ಒಂದೇ ಕಡೆಗೆ ವಾಲಿವೆ.