ಎಣ್ಣೆ ನೋಡುವ ಕಡ್ಡಿ ಇಲ್ಲದ ಕಾರು

ಇವತ್ತು ಬೆಳಿಗ್ಗೆ ಹೊಸ ಕಾರಿನ ಬಾನೆಟ್ ಎತ್ತಿದ ನೆರೆಮನೆಯ ಶರಣಪ್ಪನವರು ಅದನ್ನು ಇಳಿಸಲು ಒಪ್ಪಲೇ ಇಲ್ಲ, ಗೆಳೆಯರೇ. ನಮ್ಮ ಬಡಾವಣೆ ತಾರ್ನಾಕದಿಂದ ನಾವು ಬೀದರಿಗೆ ಹೊರಟಿದ್ದೆವು. ಅಲ್ಲಿ ಅವರ ಮಗನ ಕೂಸಿಗೆ ಹೆಸರಿಡುವ ಶಾಸ್ತ್ರ. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ, ಅಂದರೆ ಶರಣಪ್ಪನವರ ಮಗಳು ವಿದ್ಯಾ, ಸ್ಟೇರಿಂಗ್ ಹಿಡಿದು ಕೂತಿದ್ದಳು. ಕಾರೂ ಅವಳದೇ.

"ಎಂಜಿನ್ ಎಣ್ಣೆ ನೋಡೋ ಕಡ್ಡಿ ಎಲ್ಲೈತಿ?" ಅಂದರು ಶರಣಪ್ಪ.

"ಇದಕ್ಕ ಕಡ್ಡಿ ಇಲ್ಲಪ್ಪ. ಪರದೆ ಮ್ಯಾಲ ತೋರಸ್ತೈತಿ."

"ಎಣ್ಣೆ ನೋಡದ ನಾ ಯಾವತ್ತೂ ಊರು ಬಿಟ್ಟಿಲ್ಲ. ಪರದೆನಾರ ತೋರಸು."

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೇ ಪರದೆ ಅಳತೆ ಕೊಡುತ್ತದಂತೆ. ಬಿಸಿಯಾಗಲೆಂದು ತಾರ್ನಾಕದ ಟ್ರಾಫಿಕ್ಕಿನಲ್ಲೇ ಸುತ್ತಿದೆವು. ಬೀದರಿನಿಂದ ಮಗನ ಫೋನ್ ಮೇಲೆ ಫೋನ್.

"ಕೂಸು ಅಳಾಕತ್ತೈತಿ. ಎಲ್ಲಿದ್ದೀರಿ?"

"ದಾರ್ಯಾಗ ಅದೀವಿ," ಅಂದರು ಶರಣಪ್ಪ, ಕಾರು ಬೀದಿಯ ಅದೇ ತಿರುವನ್ನು ಮತ್ತೆ ದಾಟುತ್ತಿದ್ದಾಗ.

ಕೊನೆಗೆ ಎಣ್ಣೆ ಭರ್ತಿ ಇದೆ ಎಂದು ಪರದೆ ತೋರಿಸಿತು. ಅದರ ಪಕ್ಕದಲ್ಲೇ ಪೆಟ್ರೋಲ್ ಮುಗಿಯುತ್ತಿದೆ ಎಂಬ ದೀಪ ಹೊತ್ತಿತು. ಈ ಕಾರಿಗೆ ಸಾದಾ ಪೆಟ್ರೋಲ್ ನಡೆಯುವುದಿಲ್ಲ. ದುಬಾರಿಯದು ಸಿಗುವ ಬಂಕಿನ ಸಾಲಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಎಣ್ಣೆಯ ಬಗ್ಗೆ ಶರಣಪ್ಪನವರಿಗೆ ಈಗ ಪೂರ್ತಿ ಸಮಾಧಾನ. ಕೂಸಿಗೆ ಇನ್ನೂ ಹೆಸರಿಲ್ಲ.