ಕಡಲೆ ಬೇಯುವ ಮೊದಲೇ ಮುಗಿದ ಪುರಾಣ

"ಮುಗೀತಾ? ಏನ್ ಮುಗೀತು? ಕಡ್ಲಿ ಇನ್ನಾ ಕಲ್ಲಿದ್ದಂಗ ಅದಾವು!"

ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವನ ಮುಖ ನೋಡಿದಾಗಲೇ ನಾನೇನೋ ಎಡವಟ್ಟು ಮಾಡಿದ್ದೇನೆ ಅಂತ ಗೊತ್ತಾಯಿತು. ದಸರೆಯ ಮೊದಲ ದಿನ. ದೀಪ ಹಚ್ಚುವ ಹೊತ್ತು. ಹಂಪಸಾಗರದ ನಮ್ಮ ದೊಡ್ಡಪ್ಪನ ಮನೆಯ ಪಡಸಾಲೆ. ಎದುರಿಗೆ ಓಣಿಯ ಹದಿನೈದಿಪ್ಪತ್ತು ಹೆಣ್ಣುಮಕ್ಕಳು. ದೊಡ್ಡಪ್ಪ ಒಂದೂಕಾಲು ತಾಸು ಓದುತ್ತಿದ್ದ ಪುರಾಣದ ಅಧ್ಯಾಯವನ್ನು ನಾನು ಇಪ್ಪತ್ತೆರಡು ನಿಮಿಷದಲ್ಲಿ ಮುಗಿಸಿ, ಪುಸ್ತಕ ಮುಚ್ಚಿ, ಚಪ್ಪಾಳೆಗೆ ಕಾಯುವವಳ ಹಾಗೆ ತಲೆ ಎತ್ತಿದ್ದೆ.

ಚಪ್ಪಾಳೆ ಬರಲಿಲ್ಲ. ಗುಗ್ಗರಿಯೂ ಬರಲಿಲ್ಲ.

ಗುಗ್ಗರಿಯ ಲೆಕ್ಕಾಚಾರ ಹೇಳದಿದ್ದರೆ ನಿಮಗೆ ಈ ಅವಮಾನ ಅರ್ಥವಾಗುವುದಿಲ್ಲ. ಆ ಮನೆಯಲ್ಲಿ ನವರಾತ್ರಿಯ ಒಂಬತ್ತು ದಿನವೂ ಸಂಜೆ ದೇವಿ ಪುರಾಣ. ದೊಡ್ಡಪ್ಪ ಓದಲು ಕೂತ ಕ್ಷಣಕ್ಕೆ ದೊಡ್ಡವ್ವ ಒಲೆಯ ಮೇಲೆ ನೆನೆಸಿದ ಕಡಲೆ ಇಡುತ್ತಾಳೆ. ಪುರಾಣ ಮುಗಿದು, ಮಂಗಳಾರತಿ ಆಗಿ, ಎಲ್ಲರ ಅಂಗೈಗೂ ಬಿಸಿ ಬಿಸಿ ಕಡಲೆ ಗುಗ್ಗರಿ ಬೀಳಬೇಕು. ಕುಕ್ಕರ್ ನಿಷಿದ್ಧ. (ಸೀಟಿ ಕೂಗಿದರೆ ಪುರಾಣ ಕೇಳಿಸುವುದಿಲ್ಲವಲ್ಲ!) ತೆರೆದ ಪಾತ್ರೆಯಲ್ಲಿ ಕಡಲೆ ತಮ್ಮ ಪಾಡಿಗೆ ತಾವು ಬೇಯಬೇಕು. ನಲವತ್ತು ವರ್ಷದಿಂದ ಕಡಲೆ ಮತ್ತು ಅಧ್ಯಾಯ ಒಟ್ಟಿಗೇ ಮುಗಿಯುತ್ತಿದ್ದವು.

ಅವತ್ತು ಮಾತ್ರ ಹದಿನೈದಿಪ್ಪತ್ತು ಜನ ಖಾಲಿ ಕೈಯಲ್ಲಿ ಮುಖ ಮುಖ ನೋಡಿಕೊಂಡು ಮುಕ್ಕಾಲು ತಾಸು ಕೂತರು.

ಇದನ್ನು ಈಗೇಕೆ ಹೇಳುತ್ತಿದ್ದೇನೆ? ಡಿಸೆಂಬರ್ ಕೊನೆ ನೋಡಿ. ಎಲ್ಲರೂ ವರ್ಷದ ಪಟ್ಟಿ ಹಾಕುತ್ತಿದ್ದಾರೆ. ನಾನೂ ಹಾಕಲು ಕೂತೆ. ಈ ವರ್ಷ ನನಗೆ ಐವತ್ತು ತುಂಬಿತು. ಐವತ್ತರಲ್ಲಿ ಸ್ಕೂಟಿ ಕಲಿತೆ. (ಮನೆಯ ಗೇಟಿಗೆ ಎರಡು ಸಲ ಗುದ್ದಿದ್ದು ಗೇಟಿನ ತಪ್ಪು.) ಮಗಳು ಕೂಡ್ಲಿಗಿಯ ಶಾಲೆಯೊಂದಕ್ಕೆ ಟೀಚರ್ ಆಗಿ ಸೇರಿದಳು. ನಮ್ಮ ಯಜಮಾನರಿಗೆ ಶುಗರ್ ಬಂತು. ಯುಗಾದಿಗೆ ಬೆಲ್ಲ ಬಿಟ್ಟು ಬರೀ ಬೇವು ತಿಂದು ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ನನಗೆ ಚಾಳೀಸು ಬಂದು ಓದುವ ಕನ್ನಡಕ ಏರಿತು. ಒಟ್ಟಿನಲ್ಲಿ ದೂರುವಂಥ ವರ್ಷವೇನೂ ಅಲ್ಲ.

ಎಲ್ಲಕ್ಕಿಂತ ದೊಡ್ಡ ಐಟಂ ಓದಿನದು. ಐವತ್ತು ವರ್ಷಕ್ಕೆ ಐವತ್ತು ಪುಸ್ತಕ! ಯುಗಾದಿಯ ತನಕ ಯಾಕೆ ಕಾಯುವುದು ಅಂತ ಜನವರಿ ಒಂದಕ್ಕೇ ಶಪಥ ಮಾಡಿದೆ. ಮಗಳು ಡ್ರಾಯಿಂಗ್ ಶೀಟಿನಲ್ಲಿ ಐವತ್ತು ಖಾನೆ ಗೀಚಿ ಫ್ರಿಜ್ಜಿಗೆ ಅಂಟಿಸಿದಳು. ಒಂದು ಪುಸ್ತಕ ಮುಗಿದರೆ ಒಂದು ಖಾನೆಯಲ್ಲಿ ಹೆಸರು, ಹಸಿರು ಸ್ಕೆಚ್ ಪೆನ್ನಿನಲ್ಲಿ ರೈಟ್ ಗುರುತು, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಫೋಟೊ. ಹಗರಿಬೊಮ್ಮನಹಳ್ಳಿಯ ನಮ್ಮ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಓದಿದೆ. ಹಾಲು ಉಕ್ಕುವುದನ್ನು ಕಾಯುತ್ತಾ ಓದಿದೆ. (ಹಾಲು ಉಕ್ಕಿತು. ಅದು ಬೇರೆ ಮಾತು.) ಗಿಡ ಮರ ಬೆಟ್ಟದ ವರ್ಣನೆ ಬಂದರೆ ಹಾರಿಸಿದೆ. ಇಲ್ಲಿ ಒಪ್ಪಿಕೊಳ್ಳದೆ ಇನ್ನೆಲ್ಲಿ ಒಪ್ಪಿಕೊಳ್ಳಲಿ? ದಸರೆಯ ಹೊತ್ತಿಗೆ ಮೂವತ್ತಾರು ಖಾನೆ ತುಂಬಿದ್ದವು.

ಅಂಥ ಹೊತ್ತಿನಲ್ಲಿ ದೊಡ್ಡವ್ವನ ಫೋನ್ ಬಂತು.

"ವಿಜೀ, ನಿಮ್ಮ ದೊಡ್ಡಪ್ಪ ದೇವೀನ್ನ ತಲಿಕೆಳಗ ನಿಂದ್ರಿಸಿದ್ರಲ್ಲಬೇ!"

ಶ್ರಾವಣದ ಸೋಮವಾರ ದೊಡ್ಡಪ್ಪ ಎಂದಿನಂತೆ ಅದೇ ಪುರಾಣದ ಪುಸ್ತಕ ಹಿಡಿದು ಓದುತ್ತಿದ್ದರಂತೆ. ರಾಗ ಸರಿ, ಮಾತು ಸರಿ, ಎಲ್ಲ ಸರಿ. ದೊಡ್ಡವ್ವನಿಗೆ ಅಕ್ಷರ ಬರುವುದಿಲ್ಲ. ಆದರೆ ರಟ್ಟಿನ ಮೇಲೆ ದೇವಿಯ ಚಿತ್ರ ಇದೆಯಲ್ಲ? ದೇವಿಯ ಕಿರೀಟ ಕೆಳಗೆ, ಪಾದ ಮೇಲೆ! ದೊಡ್ಡಪ್ಪ ಪುಸ್ತಕ ತಲೆಕೆಳಗಾಗಿ ಹಿಡಿದು ನಿರಾಳವಾಗಿ ಓದುತ್ತಿದ್ದರು. ಆಗ ಸಿಕ್ಕಿಬಿದ್ದದ್ದು ಕಣ್ಣಿನ ಪೊರೆ. ಹೊಸಪೇಟೆಗೆ ಕರೆದುಕೊಂಡು ಹೋಗಿ, ದಸರೆ ಇನ್ನೊಂದು ವಾರ ಇದೆ ಎನ್ನುವಾಗ ಆಪರೇಷನ್ ಮಾಡಿಸಿದರು. ಹೊಸ ಕನ್ನಡಕ ಬರುವ ತನಕ ಒಂದು ತಿಂಗಳು ಓದುವಂತಿಲ್ಲ ಎಂದರಂತೆ ಡಾಕ್ಟರು.

"ಈ ಸಲ ನೀ ಬಂದು ಓದಬೇಕವಾ. ನೀ ಭಾಳ ಓದ್ತೀಯಂತಲ್ಲ, ಸುಮಾ ಮೊಬೈಲ್‌ನಾಗ ತೋರಿಸಿದ್ಲು."

ಸುಮಾ ಆ ಮನೆಯ ಸೊಸೆ. ನನ್ನ ಸ್ಟೇಟಸ್ ನೋಡುವ ನಿಷ್ಠಾವಂತೆ. ನನಗೆ ಕೋಡು ಮೂಡಿತು. ಆ ಪಡಸಾಲೆಯಲ್ಲಿ ಇದುವರೆಗೆ ಹೆಣ್ಣುಮಗಳೊಬ್ಬಳು ಪುರಾಣ ಓದಿದ್ದಿಲ್ಲ. ದಸರೆಯ ಮೊದಲ ದಿನ ಆಫೀಸು ಬಿಟ್ಟ ಕೂಡಲೇ ಸ್ಕೂಟಿ ಏರಿ ಹಂಪಸಾಗರಕ್ಕೆ ಹೊರಟೇಬಿಟ್ಟೆ. ಆಮೇಲೆ ಆದದ್ದು ನಿಮಗೆ ಗೊತ್ತೇ ಇದೆ.

ಕೊನೆಗೂ ಕಡಲೆ ಬೆಂದು ಗುಗ್ಗರಿ ಹಂಚುವಾಗ ಗಂಗಮ್ಮಜ್ಜಿಯ ಹತ್ತಿರ ಹೋದೆ. ಓಣಿಗೆಲ್ಲ ಹಿರಿಯಳು. ಪುರಾಣ ಕೇಳುತ್ತಾ ಹತ್ತಿಯ ಹೂಬತ್ತಿ ಹೊಸೆಯುವುದು ಅವಳ ರೂಢಿ. "ಹೆಂಗಿತ್ತಬೇ ಅಜ್ಜೀ?" ಅಂದೆ. ಕೇಳಬಾರದಿತ್ತು.

"ರೈಲು ನಿಲ್ಲದನ ಹೋತವ್ವಾ. ನನಗ ಹತ್ತಾಕ ಆಗಲಿಲ್ಲ."

ಅಷ್ಟರಲ್ಲಿ ಸುಮಾ ಸಮಾಧಾನ ಹೇಳಲು ಬಂದಳು. "ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೊಬೈಲ್‌ನಾಗ ಒಂಬತ್ತ ದಿನದ್ದೂ ಐತಿ, ಚಲೋ ರಾಗ ಮಾಡಿ ಓದ್ಯಾರ. ಬರೋ ವರ್ಷದಿಂದ ಸ್ಪೀಕರ್‌ಗೆ ಹಚ್ಚಿಬಿಡೋಣು. ಮಾವಾರಿಗೂ ತ್ರಾಸಿಲ್ಲ, ನಿಮಗೂ ತ್ರಾಸಿಲ್ಲ."

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹೆಂಗಸರಲ್ಲಿ ನಾಲ್ಕೈದು ಜನ "ಹೌದ್ ನೋಡು" ಎಂದು ತಲೆಯಾಡಿಸಿದರು. ಮೂಲೆಯ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ದೊಡ್ಡಪ್ಪ ಕೈಯಲ್ಲಿದ್ದ ಗುಗ್ಗರಿಯನ್ನು ಬಾಯಿಗೆ ಹಾಕಿಕೊಳ್ಳದೆ ಹಾಗೇ ಬಟ್ಟಲಿಗೆ ಸುರಿದು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ನಲವತ್ತು ವರ್ಷ ಅವರು ಕಾಪಾಡಿಕೊಂಡು ಬಂದದ್ದನ್ನು ನಾನು ಇಪ್ಪತ್ತೆರಡು ನಿಮಿಷದಲ್ಲಿ ಸ್ಪೀಕರ್ ಡಬ್ಬಿಗೆ ಒಪ್ಪಿಸಿದ್ದೆ. ಇನ್ನು ಎಂಟು ದಿನ ಇತ್ತು. ಅಷ್ಟರಲ್ಲಿ ನಾನು ಓದುವುದನ್ನು ಕಲಿಯಬೇಕಿತ್ತು. ಮೂವತ್ತಾರು ಪುಸ್ತಕ ಓದಿದವಳು!

ಮರುದಿನ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಹೋಗಿ ಮಂಚದ ಹತ್ತಿರ ಕೂತೆ. "ದೊಡ್ಡಪ್ಪಾ, ತಪ್ಪಾತ್ರಿ. ಹೆಂಗ ಓದಬೇಕು ಹೇಳಿಕೊಡ್ರಿ."

ಅವರು ಬಾಗಿಲ ಕಡೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು: "ನನಗ ಮೂರು ವರ್ಷಾತು, ಒಂದಕ್ಷರನೂ ಕಾಣತಿದ್ದಿಲ್ಲ."

"ಮತ್ತ ಪುಟ ಹೆಂಗ ತಿರುವತಿದ್ರಿ?"

"ಕೈಗೆ ಗೊತ್ತಿರ್ತತಿ."

"ಯಾರಿಗರ ಹೇಳಬಾರದೇನ್ರಿ?"

"ಹೇಳಿದ್ರ ಬಿಡಿಸಿಬಿಡ್ತಿದ್ರಿ ನೀವೆಲ್ಲ. 'ಸಾಕು, ಕುಂದ್ರಪಾ ಮೂಲ್ಯಾಗ' ಅಂತಿದ್ರಿ." ಮೂಲೆಯ ಮಂಚವನ್ನು ತಟ್ಟಿ ತೋರಿಸಿದರು. "ಈಗ ಆತಲ್ಲ ಅದ."

ನನಗೆ ಅಳು ಬಂತು. ಬಂದದ್ದನ್ನು ಬಂತು ಅನ್ನಲು ನಾಚಿಕೆ ಏನು? ಮೂಗು ಒರೆಸಿಕೊಂಡು, ಬಾಯಿಪಾಠ ಬರುವುದಾದರೆ ಪುಸ್ತಕವಿಲ್ಲದೆ ನೀವೇ ಹೇಳಬಹುದಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಪುಸ್ತಕ ಬಿಚ್ಚಿ ಓದಿದರೇ ಪುರಾಣವಂತೆ. ಇಲ್ಲದಿದ್ದರೆ ಮುದುಕನ ಬಡಬಡಿಕೆಯಂತೆ. ಆಮೇಲೆ ಪಾಠ ಶುರು ಮಾಡಿದರು.

"ನೀ ಪುಸ್ತಕಾ ನೋಡಿ ಓದಿದಿ. ಮಂದಿ ಮುಖಾ ನೋಡಿ ಓದಬೇಕು. ಗಂಗವ್ವನ ಕೈ ನೋಡು. ಬತ್ತಿ ಹೊಸಿಯಾಕತ್ತಿದ್ಲಂದ್ರ ಆಕಿ ಇನ್ನಾ ತನ್ನ ಮನ್ಯಾಗ ಅದಾಳ. ಕೈ ನಿಂತಿತಂದ್ರ ಕತಿಯೊಳಗ ಬಂದಾಳಂತ. ಅಲ್ಲಿ ನಿಂದ್ರಬೇಕು."

"ಮುಗಿಸೋದು ಯಾವಾಗ್ರಿ? ಕಡ್ಲಿ ಬೆಂದದ್ದು ನಿಮಗ ಹೆಂಗ ತಿಳೀತಿತ್ತು?"

ದೊಡ್ಡಪ್ಪ ಮೊದಲ ಸಲ ನಕ್ಕರು. "ಒಗ್ಗರಣಿ ವಾಸನಿ ಬಂದ್ರ ಮಂಗಳಾರತಿ."

ಎಲಾ ಇವರಾ! ಕೊನೆಯಲ್ಲಿ ಅವರು ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು ಗಂಭೀರವಾಗುತ್ತಿದ್ದದ್ದನ್ನು ಚಿಕ್ಕಂದಿನಿಂದ ಭಕ್ತಿ ಎಂದೇ ತಿಳಿದಿದ್ದೆ. ಅವರು ಒಗ್ಗರಣೆ ಮೂಸುತ್ತಿದ್ದರು.

ಅವತ್ತು ಸಂಜೆ ಕೂತೆ. ಒಂದು ಫಜೀತಿ ಇತ್ತು. ನನ್ನದು ಹತ್ತಿರದ್ದು ಓದುವ ಕನ್ನಡಕ. ಹಾಕಿಕೊಂಡರೆ ಅಕ್ಷರ ಕಾಣುತ್ತದೆ, ಎದುರಿನ ಮುಖಗಳೆಲ್ಲ ಮಸುಕು. ತೆಗೆದರೆ ಮುಖ ಕಾಣುತ್ತದೆ, ಅಕ್ಷರ ಇರುವೆ ಸಾಲು. ಹಾಗಾಗಿ ಎರಡು ಸಾಲು ಓದುವುದು, ಕನ್ನಡಕ ಮೂಗಿನ ತುದಿಗೆ ಇಳಿಸುವುದು, ಮೇಲಿಂದ ಗಂಗಮ್ಮಜ್ಜಿಯ ಕೈ ನೋಡುವುದು, ಮತ್ತೆ ಏರಿಸುವುದು. ಇಷ್ಟು ಸರ್ಕಸ್ಸಿನಲ್ಲಿ ರೈಲು ತಾನಾಗಿಯೇ ನಿಧಾನವಾಯಿತು. ಐವತ್ತರಲ್ಲಿ ಬಂದ ಚಾಳೀಸು ಇಷ್ಟು ಉಪಕಾರ ಮಾಡುತ್ತದೆಂದು ಯಾರಿಗೆ ಗೊತ್ತಿತ್ತು?

ಆದರೂ ಎರಡು, ಮೂರು, ನಾಲ್ಕನೇ ದಿನ ಅಜ್ಜಿಯ ಕೈ ನಿಲ್ಲಲಿಲ್ಲ. ಬತ್ತಿಗಳ ರಾಶಿ ಬೆಳೆಯಿತು. ಸುಮಾ ಸ್ಪೀಕರ್ ಚಾರ್ಜಿಗೆ ಹಾಕಿದ್ದೂ ಕಣ್ಣಿಗೆ ಬಿತ್ತು.

ಐದನೇ ದಿನ, ದೇವಿ ಒಬ್ಬಳೇ ಯುದ್ಧಕ್ಕೆ ಹೊರಟು ನಿಂತ ಜಾಗ. ಶಪಥ, ಖಾನೆ, ಸ್ಕೆಚ್ ಪೆನ್ನು ಎಲ್ಲ ಮರೆತು ನಾನೂ ಅವಳ ಬೆನ್ನಿಗೇ ಹೊರಟುಬಿಟ್ಟಿದ್ದೆ. ಕನ್ನಡಕ ಇಳಿಸಿ ನೋಡಿದೆ. ಗಂಗಮ್ಮಜ್ಜಿಯ ಬೆರಳ ನಡುವೆ ಅರ್ಧ ಹೊಸೆದ ಬತ್ತಿ ಹಾಗೇ ನಿಂತಿತ್ತು. ನಾನೂ ನಿಂತೆ.

"ಮುಂದ?" ಎಂದಳು ಅಜ್ಜಿ. "ಮುಂದ ಏನಾತಬೇ?"

ನಲವತ್ತು ವರ್ಷದಿಂದ ಅದೇ ಕತೆ ಕೇಳುತ್ತಿರುವವಳು! ಮುಂದೇನು ಎಂದು ನನಗಿಂತ ಚೆನ್ನಾಗಿ ಗೊತ್ತಿರುವವಳು. ಮಂಚದ ಕಡೆ ನೋಡಿದೆ. ಕಪ್ಪು ಕನ್ನಡಕದ ಕೆಳಗೆ ದೊಡ್ಡಪ್ಪನ ಮೀಸೆ ಅಲುಗುತ್ತಿತ್ತು.

ಎಂಟನೇ ದಿನ ಇನ್ನೊಂದು ಅನಾಹುತ. ಒಗ್ಗರಣೆಯ ವಾಸನೆ ಬರುತ್ತದೆ, ಬರುತ್ತದೆ ಅಂತ ಓದುತ್ತಲೇ ಇದ್ದೆ. ಬಂದದ್ದು ಸೀದ ವಾಸನೆ. ದೊಡ್ಡವ್ವ ಒಳಗೆ ಓಡಿ, ಅಲ್ಲಿಂದಲೇ ಕೂಗಿದಳು: "ಎಲ್ಲಾ ಕರಕಾಗಿ ಹೋದ್ವು! ಸುಮೀ, ಎಲ್ಲಿ ಸತ್ತೀಯೇ? ಒಲಿ ಮುಂದ ನಿಂದ್ರು ಅಂದಿದ್ದಿಲ್ಲೇನು?"

ಸುಮಾ ಅಡುಗೆಮನೆ ಬಾಗಿಲಿಗೆ ಆತುಕೊಂಡು, ಕೈಯಲ್ಲಿ ಕರಿಬೇವು ಹಿಡಿದು, ಬಾಯಿ ತೆರೆದು ಪುರಾಣ ಕೇಳುತ್ತಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ!

ಪಡಸಾಲೆಯೆಲ್ಲ ನಕ್ಕಿತು. ದೊಡ್ಡಪ್ಪನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಪರೇಷನ್ ಆದ ಕಣ್ಣು ಒರೆಸಬಾರದೆಂದು ಬೈಸಿಕೊಂಡರು. ಅವತ್ತು ಎಲ್ಲರ ಅಂಗೈಗೂ ಬೆಲ್ಲದ ಚೂರು ಬಿತ್ತು. ಸ್ಪೀಕರ್ ಮಾತನ್ನು ಸುಮಾ ಮತ್ತೆ ಎತ್ತಲಿಲ್ಲ.

ವಿಜಯದಶಮಿಯ ದಿನ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. "ಬಂಗಾರದಂಗ ಇರು" ಎಂದರು ದೊಡ್ಡಪ್ಪ.

ಮೊನ್ನೆ ಭಾನುವಾರ ಹೊಸ ಕನ್ನಡಕ ಹಾಕಿಕೊಂಡು ನಮ್ಮ ಮನೆಗೆ ಬಂದಿದ್ದರು. ಕಣ್ಣು ಸ್ಪಷ್ಟ ಕಾಣುತ್ತಿದೆಯಂತೆ. ಸಂತೋಷವಾಯಿತು. ಅದರ ಹಿಂದೆಯೇ ಎದೆಯಲ್ಲಿ ಚುಳ್ ಎಂದಿತು. ಹಾಗಾದರೆ ಮುಂದಿನ ದಸರೆಗೆ ನಾನು? (ಎಂಥ ಸಣ್ಣ ಬುದ್ಧಿ! ಆದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.)

"ಬರೋ ವರ್ಷ ನೀವ ಓದ್ತೀರೇನ್ರಿ?" ಎಂದೆ.

"ಐದು ದಿನ ನಂದು, ನಾಕು ದಿನ ನಿಂದು."

"ಐದು ನನಗ ಕೊಡ್ರಿ, ದೊಡ್ಡಪ್ಪಾ."

"ನಲವತ್ತು ವರ್ಷ ಓದು, ಆಮ್ಯಾಲೆ ಐದು ಕೇಳು."

ಒಪ್ಪಂದವಾಯಿತು. ಚಹಾ ತರಲು ನಾನು ಒಳಗೆ ಹೋದರೆ ಅವರೂ ಹಿಂದೆಯೇ ಬಂದು ಫ್ರಿಜ್ಜಿನ ಮುಂದೆ ನಿಂತರು. ಹೊಸ ಕನ್ನಡಕ ಸರಿಮಾಡಿಕೊಂಡು ಖಾನೆಗಳನ್ನು ಒಂದೊಂದಾಗಿ, ನಿಧಾನವಾಗಿ, ಗಟ್ಟಿಯಾಗಿ ಓದಿದರು. ಚಹಾ ಆರಿಹೋಯಿತು.

"ಇಷ್ಟೂ ಓದಿದೇನು?"

"ಹೂಂ ರಿ. ನಲವತ್ತೆರಡು!" ದಸರೆಯ ನಂತರ ನನ್ನ ಸ್ಪೀಡು ಬಿದ್ದುಹೋಗಿ ಶಪಥ ಕೈಕೊಟ್ಟಿದ್ದರೂ, ಒಂದು ಶಹಬ್ಬಾಸ್‌ಗೆ ಕಾದು ನಿಂತೆ.

"ಯಾರಿಗೆ?"

ನಾನು ಬೆಪ್ಪಾದೆ. ಅವರು ಅಣಕಿಸುತ್ತಿರಲಿಲ್ಲ, ನಿಜವಾಗಿಯೂ ಕೇಳಿದ್ದರು. ಓದು ಎಂದರೆ ಯಾರಿಗೋ ಓದುವುದು ಎಂದೇ ಅವರು ತಿಳಿದದ್ದು. ನಲವತ್ತೊಂದು ಖಾನೆ ನನ್ನೊಬ್ಬಳಿಗೇ ಓದಿಕೊಂಡದ್ದು. ಮೂವತ್ತೇಳನೆಯ ಖಾನೆಯ ದೇವಿ ಪುರಾಣವನ್ನು ಮಾತ್ರ ತೋರಿಸಿ "ಇದು ಗಂಗಮ್ಮಜ್ಜಿಗ್ರಿ" ಎಂದೆ.

ವರ್ಷ ಮುಗಿಯುತ್ತಿದೆ, ಎಂಟು ಖಾನೆ ಇನ್ನೂ ಖಾಲಿ ಇವೆ. ಪುಸ್ತಕ ಹಿಡಿದು ನಿಮಗೇ ಓದಲು ನಾನು ಬರುತ್ತೇನೆ, ನೀವು ಕಡಲೆ ನೆನೆ ಹಾಕುತ್ತೀರಾ?