ಅತ್ತೆಯ ಮದ್ದು, ನನ್ನ ಲಿವರ್

ಮೊದಲು ಅನ್ನ ಬೇಯುವ ವಾಸನೆಗೆ ಹೊಟ್ಟೆ ತೊಳಸಿತು. ಮರುದಿನ ಬೊರಿವಲಿ ಲೋಕಲ್‌ನಲ್ಲಿ ಎದುರು ಕೂತವಳು ನನ್ನ ಮುಖ ನೋಡಿ, "ದೀದಿ, ಆಪ್ಕಿ ಆಂಖೇಂ ಪೀಲಿ ಹೈ" ಎಂದಳು.

ಹಳದಿ ಕಣ್ಣು. ಕಾಮಾಲೆ.

ನಗುವೇ ಬಂತು. ನನ್ನ ಕೆಲಸ ಮಲಾಡ್‌ನ ಒಂದು ಫಾರ್ಮಸಿ ಕಾಲೇಜಿನ ಲ್ಯಾಬ್‌ನಲ್ಲಿ. ಇಲಿಗಳಿಗೆ ಸೊಪ್ಪಿನ ರಸ ಕುಡಿಸಿ, ಆಮೇಲೆ ಲಿವರ್ ಕೆಡಿಸುವ ವಿಷ ಕೊಡುತ್ತೇವೆ. ರಸ ಕುಡಿದ ಇಲಿಯ ಲಿವರ್ ಎಷ್ಟು ಉಳಿಯಿತು, ಕುಡಿಯದ್ದರದು ಎಷ್ಟು ಹೋಯಿತು ಎಂದು ಪಕ್ಕಪಕ್ಕ ಇಟ್ಟು ನೋಡುವುದು. ಬದುಕಿದ್ದೂ ಲೆಕ್ಕಕ್ಕೆ, ಸತ್ತದ್ದೂ ಲೆಕ್ಕಕ್ಕೆ.

ಮನೆಯಲ್ಲಿ ಅತ್ತೆ. ಉಡುಪಿ ಕಡೆಯವರು. ಕಾಮಾಲೆಗೆ ಮದ್ದು ಕೊಡುವ ವಿದ್ಯೆ ಅವರಿಗೆ ತಾಯಿಯಿಂದ ಬಂದದ್ದು. ನಮ್ಮ ಕಡೆಯ ಹೋಟೆಲು ಕೆಲಸದವರೆಲ್ಲ ಹಳದಿ ಕಣ್ಣು ಹೊತ್ತು ನಮ್ಮ ಬಾಗಿಲಿಗೇ ಬರುತ್ತಿದ್ದರು. ಅತ್ತೆ ದುಡ್ಡು ಮುಟ್ಟುವಂತಿಲ್ಲ, ಮದ್ದಿನ ಹೆಸರು ಹೇಳುವಂತಿಲ್ಲ. ಹೇಳಿದರೆ ಕೈಗುಣ ಹೋಯಿತು. ಗುಣವಾದವರು ಬಾಳೆಗೊನೆ ತಂದು ಕಾಲು ಮುಟ್ಟಿ ಹೋಗುವುದನ್ನು ಎಷ್ಟು ಸಲ ಕಂಡವಳು ನಾನು! ಹಾಗಾಗಿ ಕುಡಿದೆ.

ಮಜ್ಜಿಗೆಯಲ್ಲಿ ಅರೆದದ್ದು. ನೆಲನೆಲ್ಲಿಯ ವಾಸನೆ ನನಗೆ ಗೊತ್ತು. ಜೊತೆಗೆ ಇನ್ನೇನೋ ಇತ್ತು. ಗಂಟಲಲ್ಲೇ ಕೂತುಬಿಡುವ ಕಹಿ.

"ಇದರಲ್ಲಿ ಮತ್ತೆಂತ ಉಂಟು, ಅತ್ತೆ?"

"ಸುಮ್ಮನೆ ಕುಡಿ ಮಾರಾಯ್ತಿ. ನಿನ್ನ ಇಲಿಗಳು ಹೀಗೆ ಪ್ರಶ್ನೆ ಕೇಳ್ತಾವಾ?"

ರಕ್ತಪರೀಕ್ಷೆಯಲ್ಲಿ ಕಾಮಾಲೆಯ ಅಳತೆ, ಬಿಲಿರುಬಿನ್, ಇಳಿಯಲಿಲ್ಲ. ಏರಿತು.

ಪರೇಲ್‌ನ ಆಸ್ಪತ್ರೆಯಲ್ಲಿ ಅಡ್ಮಿಟ್ ಆದೆ. ಡಾಕ್ಟರ್ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, "ಆಜಿ, ಸಚ್ ಬತಾವೊ. ಕ್ಯಾ ಪಿಲಾಯಾ?" ಎಂದರು. ಲಿವರ್ ಕೆಡುತ್ತಿರುವುದು ರೋಗದಿಂದಲೋ ಮದ್ದಿನಿಂದಲೋ ತಿಳಿಯದೆ ಚಿಕಿತ್ಸೆ ಮಾಡುವುದು ಹೇಗೆ ಎಂದು ರೇಗಿದರು.

ಅತ್ತೆ ಸೆರಗು ಹಿಂಡುತ್ತ ಕೂತೇ ಇದ್ದರು. ಮಲಗಿದ್ದಲ್ಲೇ ನನಗೆ ಮೈಯೆಲ್ಲ ಉರಿಯಿತು. ಎಷ್ಟು ವರ್ಷ ಒಂದೇ ಒಲೆಯ ಅನ್ನ ತಿಂದವರು ನಾವು. ನನ್ನ ಜೀವಕ್ಕಿಂತ ಇವರಿಗೆ ಕೈಗುಣ ದೊಡ್ಡದಾಯಿತೇ?

ಕೊನೆಗೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು. ಒಂದು ಬೇರಿನ ಹೆಸರು. ನಾನು ಡಾಕ್ಟರಿಗೆ ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದಿದವರು ಯಾರಾದರೂ ಅರೆದು ಕುಡಿದಾರು.

"ಬಂದ್ ಕರೋ," ಎಂದರು ಡಾಕ್ಟರ್. "ಯೇ ಖುದ್ ಲಿವರ್ ಖರಾಬ್ ಕರ್ತಾ ಹೈ." ಲಿವರ್ ಕೆಡಿಸುತ್ತಿದ್ದದ್ದು ಮದ್ದೇ.

ಮನೆಗೆ ಬಂದೆ. ಒಂದು ಸಂಜೆ ಅತ್ತೆ ಗಂಜಿ ತಂದಿಟ್ಟು ಕೇಳಿದರು:

"ನಿಮ್ಮಲ್ಲಿ ಸತ್ತ ಇಲಿಯನ್ನೂ ಲೆಕ್ಕ ಹಿಡೀತೀರಾ?"

"ಹೂಂ, ಅತ್ತೆ."

"ನನ್ನಲ್ಲಿಗೆ ಗುಣ ಆದವರು ಮಾತ್ರ ತಿರುಗಿ ಬಂದದ್ದು. ಬಾರದವರು ಊರಿಗೆ ಹೋದರು ಅಂತ ಗ್ರಹಿಸಿದ್ದೆ, ಮಗಾ."

ಗಂಜಿ ಕುಡಿದೆ.

ಈಗ ರಿಪೋರ್ಟ್ ಪರವಾಗಿಲ್ಲ. ಅನ್ನದ ವಾಸನೆ ಮತ್ತೆ ಅನ್ನದ ವಾಸನೆಯೇ ಆಗಿದೆ. ಬಾಯಿಯ ಕಹಿ ಹೋಗಿಲ್ಲ. ಮೊನ್ನೆ ಕ್ಯಾಂಟೀನಿನವನೊಬ್ಬ ಹಳದಿ ಕಣ್ಣು ಹೊತ್ತು ಬಾಗಿಲಲ್ಲಿ ನಿಂತಿದ್ದ.

"ನನ್ನ ಕೈಯಲ್ಲಿ ಈಗ ಆ ಗುಣ ಇಲ್ಲ ಮಾರಾಯ, ಆಸ್ಪತ್ರೆಗೆ ಹೋಗು," ಎಂದರು ಅತ್ತೆ. ಅವನು ಮೆಟ್ಟಿಲು ಇಳಿಯತೊಡಗಿದ ಮೇಲೆ ವರಾಂಡದ ಕಂಬಿಯ ಮೇಲಿಂದ ಬಾಗಿ ಕೂಗಿದರು:

"ಗುಣ ಆಗದಿದ್ದರೂ ಬಂದು ಹೇಳಬೇಕು, ಆಯ್ತಾ?"